ವರ ಬಾಯಿ ಬಿಟ್ಟು ಮಾತಾಡಿದ ಮೇಲೆ: ಒಂದು ಮದುವೆಯ ಪ್ರಕರಣ ಅಧ್ಯಯನ

ಮದುವೆಯ ಉಸ್ತುವಾರಿ ನನ್ನ ಕೆಲಸ. ಛತ್ರ, ಅಡುಗೆ, ಓಲಗ, ಹೂವು, ಬಸ್ಸು, ಎಲ್ಲವನ್ನೂ ಹೊಂದಿಸಿ ನಡೆಸಿಕೊಡುತ್ತೇನೆ. ಹೆಣ್ಣಿನ ಅಪ್ಪ ಅಮ್ಮನ ಜೊತೆ ಹೆಚ್ಚುಕಡಿಮೆ ದಿನಾ ಮಾತಾಗುತ್ತದೆ. ಗಂಡಿನ ಕಡೆಯ ಹಿರಿಯರೂ ಆಗಾಗ ಫೋನ್ ಮಾಡುತ್ತಾರೆ. ಮದುವೆ ಗಂಡು ಮಾತ್ರ ಕೈಗೆ ಸಿಗುವುದು ಅಪರೂಪ. ಫೋಟೋಗ್ರಾಫರ್ ಯಾರು, ಸೂಟು ಯಾವ ಬಣ್ಣ ಅನ್ನುವುದಕ್ಕೆ ಬರುತ್ತಾನೆ. ಉಳಿದದ್ದಕ್ಕೆಲ್ಲ ‘ದೊಡ್ಡವರು ನೋಡ್ಕೋತಾರೆ’ ಎನ್ನುತ್ತಾನೆ.

ಇದು ಹಾಗೇ ಶುರು ಮಾಡಿ, ನಡುವೆ ದಾರಿ ಬದಲಿಸಿದ ಒಬ್ಬ ಹುಡುಗನ ವಿಷಯ. ಎರಡೂ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಯಾರದ್ದೂ ಇಲ್ಲ. ಮೊತ್ತಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ.

ಹಿನ್ನೆಲೆ

ಹುಡುಗ ಮಂಡ್ಯದ ಕಡೆಯ ಹಳ್ಳಿಯವನು. ಬೆಂಗಳೂರಿನಲ್ಲಿ ಕೆಲಸ. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಓದಿಸಿದ್ದು, ಫೀಸು ಕಟ್ಟಿದ್ದು, ಅಕ್ಕನ ಮದುವೆ ಮಾಡಿದ್ದು ಎಲ್ಲ ದೊಡ್ಡಪ್ಪ. ಆ ಮನೆಯಲ್ಲಿ ದೊಡ್ಡಪ್ಪನ ಮಾತಿಗೆ ಎದುರು ಮಾತಿಲ್ಲ. ಹೆದರಿಕೆಯಿಂದ ಅಲ್ಲ, ಋಣದಿಂದ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಹುಡುಗಿ ಹಾಸನದ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ. ಅವಳ ಅಪ್ಪ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಊರಲ್ಲಿ ಎಲ್ಲರಿಗೂ ಮೇಷ್ಟ್ರು, ಇಲ್ಲೂ ಹಾಗೇ ಕರೆಯುತ್ತೇನೆ.

ಮಾತುಕತೆಯ ದಿನ ತೀರ್ಮಾನವಾದದ್ದು ಇಷ್ಟು. ಮದುವೆ ಹೆಣ್ಣಿನ ಊರಿನ ಛತ್ರದಲ್ಲಿ. ಹಿಂದಿನ ಸಂಜೆ ವರಪೂಜೆ, ಆರತಕ್ಷತೆ, ಬೆಳಗ್ಗೆ ಧಾರೆ. ತಾಳಿ, ಧಾರೆ ಸೀರೆ, ಕಾಲುಂಗುರ ಗಂಡಿನ ಕಡೆಯಿಂದ. ಮದುವೆಯಾದ ಮೇಲೆ ಗಂಡಿನ ಊರಿನಲ್ಲಿ ಮನೆಮಟ್ಟಿಗೆ ಒಂದು ಬೀಗರೂಟ. ಜನ ಎರಡೂ ಕಡೆಯಿಂದ ಮುನ್ನೂರು ಮುನ್ನೂರು. ಕೊಡುವುದು ತೆಗೆದುಕೊಳ್ಳುವುದರ ಮಾತು ಬಂದಾಗ ದೊಡ್ಡಪ್ಪ, ‘ನಮಗೇನೂ ಬೇಡ ಮೇಷ್ಟ್ರೇ, ಮದುವೆ ಚೆನ್ನಾಗಿ ಮಾಡ್ಕೊಡಿ ಸಾಕು’ ಎಂದರು. ಎಲ್ಲರಿಗೂ ಸಮಾಧಾನವಾಯಿತು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ನಿನಗೇನಾದರೂ ಹೇಳುವುದಿದೆಯಾ ಎಂದು ಹುಡುಗನನ್ನು ಒಂದೇ ಒಂದು ಸಲ ಕೇಳಿದರು. ಅವನು ತಲೆ ಅಲ್ಲಾಡಿಸಿದ.

ಈ ‘ಚೆನ್ನಾಗಿ ಮಾಡ್ಕೊಡಿ’ಗೆ ಲೆಕ್ಕವೇ ಇಲ್ಲ. ಎಷ್ಟು ಜನ, ಎಷ್ಟು ರೂಮು, ಎಷ್ಟು ಬಗೆ ಊಟ ಎಂದು ಅವತ್ತೇ ಕೇಳಿಬಿಟ್ಟರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹೆಣ್ಣಿನ ಕಡೆಯವರು ಕೇಳಲು ಹಿಂಜರಿಯುತ್ತಾರೆ. ಕೇಳಿದರೆ ಜಿಪುಣರು ಅನ್ನಿಸಿಕೊಳ್ಳುವ ಭಯ. ಆ ಪ್ರಶ್ನೆಯನ್ನು ಯಾವ ಭಯವೂ ಇಲ್ಲದೆ ಕೇಳಬಲ್ಲವನು ಆ ಕೋಣೆಯಲ್ಲಿ ಒಬ್ಬನೇ ಇದ್ದ. ಅವನು ಕೇಳಲಿಲ್ಲ.

ಬೆಳೆಯುತ್ತಾ ಹೋದ ಪಟ್ಟಿ

ನಿಶ್ಚಿತಾರ್ಥ ಮುಗಿದ ಮೇಲೆ ಒಂದೊಂದಾಗಿ ಶುರುವಾಯಿತು. ಗಂಡಿನ ಕಡೆಯ ಪಟ್ಟಿ 300ರಿಂದ 450 ಆಯಿತು, ಆಮೇಲೆ 700. ‘ಊರಿಗೆ ಊರೇ ಬರ್ತದೆ ಮೇಷ್ಟ್ರೇ, ಯಾರನ್ನ ಬಿಡೋದು’ ಎಂದರು ದೊಡ್ಡಪ್ಪ.

ಮದುವೆ ಅಡುಗೆಯ ಲೆಕ್ಕ ನಡೆಯುವುದು ಎಲೆಯ ಮೇಲೆ. ಎಲೆಗೆ ಇಷ್ಟು ಎಂದು ದರ ಮಾತಾಡಿ, ಕನಿಷ್ಠ ಇಷ್ಟು ಎಲೆ ಎಂದು ಒಪ್ಪಿಕೊಳ್ಳುತ್ತೇವೆ. ಜನ ಕಡಿಮೆ ಬಂದರೂ ಒಪ್ಪಿಕೊಂಡಷ್ಟಕ್ಕೆ ದುಡ್ಡು ಕೊಡಲೇಬೇಕು. ಜಾಸ್ತಿಯಾದರೆ ಎಲೆ ಎಣಿಸಿ ಜಾಸ್ತಿ ಕೊಡಬೇಕು. ಇಲ್ಲಿ ರಾತ್ರಿ ಊಟಕ್ಕೆ ಎಲೆಗೆ 280, ಧಾರೆ ದಿನದ ಊಟಕ್ಕೆ 340. 400 ಜನ ಹೆಚ್ಚಾದರೆ ಎರಡು ಊಟಕ್ಕೇ 2,48,000. ಬೆಳಗಿನ ತಿಂಡಿ, ಹೆಚ್ಚಿನ ರೂಮು, ಇನ್ನೆರಡು ಬಸ್ಸು ಇದರಲ್ಲಿ ಸೇರಿಲ್ಲ. ಪಟ್ಟಿಗೆ ಹೆಸರು ಸೇರಿಸುತ್ತಿದ್ದ ಯಾರಿಗೂ ಈ ಲೆಕ್ಕ ಗೊತ್ತಿರಲಿಲ್ಲ, ಏಕೆಂದರೆ ಬಿಲ್ಲು ಹೋಗುತ್ತಿದ್ದದ್ದು ಮೇಷ್ಟ್ರ ಹತ್ತಿರ.

ಆಮೇಲೆ ಕಾರಿನ ಮಾತು ಬಂತು. ನೇರವಾಗಿ ಕೇಳಲಿಲ್ಲ. ಒಂದು ದಿನ ಫೋನಿನಲ್ಲಿ ದೊಡ್ಡಪ್ಪ, ‘ನಮ್ಮ ಹುಡುಗ ಬೆಂಗಳೂರಲ್ಲಿ ಇನ್ನೂ ಬಸ್ಸಲ್ಲೇ ಓಡಾಡ್ತಾನೆ. ನಿಮ್ಮ ಮಗಳನ್ನೂ ಬಸ್ಸಲ್ಲೇ ಕರ್ಕೊಂಡು ಹೋಗಬೇಕಾಯ್ತದೆ. ನೀವೇ ಯೋಚನೆ ಮಾಡಿ’ ಎಂದರು. ಮೇಷ್ಟ್ರು ಯೋಚನೆ ಮಾಡಿದರು. ನಿವೃತ್ತಿಯ ಹಣದಲ್ಲಿ ತೆಗೆದುಕೊಂಡಿದ್ದ 30-40 ಸೈಟಿಗೆ ಗಿರಾಕಿ ಹುಡುಕಲು ಶುರು ಮಾಡಿದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬ್ರೋಕರ್ ಮನೆಗೆ ಬಂದಾಗ ಮಗಳಿಗೆ ಗೊತ್ತಾಯಿತು.

ಅವಳು ಹುಡುಗನಿಗೆ ಫೋನ್ ಮಾಡಿ, ‘ಇದೆಲ್ಲ ನಿಮಗೆ ಗೊತ್ತಿದ್ಯಾ?’ ಎಂದು ಕೇಳಿದಳು.

‘ನಾನು ಇದಕ್ಕೆಲ್ಲ ತಲೆ ಹಾಕಲ್ಲ. ದೊಡ್ಡವರ ವಿಷಯ’ ಎಂದ.

ಅವಳು ಫೋನ್ ಇಟ್ಟಳು. ಆಮೇಲೆ ಅವನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಇಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಡುವುದನ್ನು ನಿಲ್ಲಿಸಿ ಎಂದು ತಮ್ಮನಿಗೆ ಹೇಳಿದಳು. ಆ ತಮ್ಮನೇ ನನಗೆ ವಿಷಯ ತಿಳಿಸಿದ್ದು. ಎರಡು ದಿನ ಬಿಟ್ಟು ಹುಡುಗ ನನ್ನನ್ನು ಹುಡುಕಿಕೊಂಡು ಬಂದ.

ಮೊದಲ ಪ್ರಯತ್ನಗಳು

ಬಂದವನು ಖರ್ಚು ಕಡಿಮೆ ಮಾಡುವ ದಾರಿ ಕೇಳಿದ. ಹೂವಿನ ಅಲಂಕಾರ ಕಡಿಮೆ ಮಾಡೋಣ್ವಾ, ಊಟದಲ್ಲಿ ಎರಡು ಐಟಂ ತೆಗೆಯೋಣ್ವಾ ಅಂತ. ಅದರಿಂದ ಉಳಿಯುವುದು ನಲವತ್ತು ಐವತ್ತು ಸಾವಿರ. ವಿಷಯ ಹೂವಿನದ್ದಲ್ಲ ಎಂದು ಅವನಿಗೂ ಗೊತ್ತಿತ್ತು.

ಆಮೇಲೆ ಅವನು ಮೇಷ್ಟ್ರಿಗೆ ಫೋನ್ ಮಾಡಿ, ‘ದೊಡ್ಡಪ್ಪ ಏನೇ ಕೇಳಿದರೂ ನೀವು ಆಗಲ್ಲ ಅಂದುಬಿಡಿ’ ಎಂದ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಭಾರ ಮತ್ತೆ ಹೆಣ್ಣಿನ ಅಪ್ಪನ ಹೆಗಲಿಗೇ ಹೋಯಿತು. ಮಗಳನ್ನು ಆ ಮನೆಗೆ ಕಳಿಸಬೇಕಾದವರು ಆ ಮನೆಯ ಹಿರಿಯರಿಗೆ ‘ಆಗಲ್ಲ’ ಅನ್ನುವುದು ಹೇಗೆ? ಮೇಷ್ಟ್ರು ಆಗಲಿ ಎಂದರು, ಮತ್ತೆ ದೊಡ್ಡಪ್ಪನ ಹತ್ತಿರ ಏನೂ ಹೇಳಲಿಲ್ಲ.

ಮುಂದಿನ ಪ್ರಯತ್ನ ಇನ್ನೂ ಕೆಟ್ಟದಾಯಿತು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಉದ್ದನೆಯ ಮೆಸೇಜು ಹಾಕಿದ. ಸರಳವಾಗಿ ಮದುವೆಯಾಗೋಣ, ಬೇಕಾದರೆ ಮಂತ್ರ ಮಾಂಗಲ್ಯ ಮಾಡಿಕೊಳ್ಳೋಣ, ಜನ ಕಡಿಮೆ ಮಾಡಿ ಎಂದೆಲ್ಲ. ಗ್ರೂಪಿನಲ್ಲಿ ಇಪ್ಪತ್ತು ಮೂವತ್ತು ಜನ. ದೊಡ್ಡಪ್ಪ ಓದಿದ್ದು ತಮ್ಮ ಸೊಸೆಯ ಮೊಬೈಲಿನಲ್ಲಿ, ಅವಳ ಎದುರಿಗೇ. ‘ಇನ್ನೂ ತಾಳಿ ಕಟ್ಟಿಲ್ಲ, ಆಗಲೇ ಆ ಕಡೆ ತಿರುಗಿಕೊಂಡ’ ಎಂಬ ಮಾತು ಬೆಳಗಾಗುವುದರೊಳಗೆ ಊರು ಸುತ್ತಿತು. ಹುಡುಗಿಯ ಮೇಲೆ ಬೇರೆ ಅಪವಾದ ಬಂತು, ಅವಳೇ ಹೇಳಿಕೊಟ್ಟಿದ್ದಾಳೆ ಅಂತ.

ಹೇಳಿದ ವಿಷಯ ತಪ್ಪಲ್ಲ. ಆದರೆ ತಂದೆಯ ಸ್ಥಾನದಲ್ಲಿ ನಿಂತು ಬೆಳೆಸಿದವರಿಗೆ ಇಂಥ ಮಾತನ್ನು ಎದುರಿಗೆ ಕೂತು ಹೇಳಬೇಕು. ನಾಲ್ಕು ಜನರ ಮುಂದೆ ಅವರ ಮರ್ಯಾದೆ ಹೋದರೆ, ಆಮೇಲೆ ಅವರು ಹೋರಾಡುವುದು ಕಾರಿಗಾಗಿ ಅಲ್ಲ, ಮರ್ಯಾದೆಗಾಗಿ.

ಅಮ್ಮನ ಮುಯ್ಯಿ ಪುಸ್ತಕ

ಮೊದಲು ಅಮ್ಮನ ಹತ್ತಿರ ಹೋಗು, ಒಬ್ಬನೇ ಹೋಗು, ಆ 700 ಜನರ ಪಟ್ಟಿ ಹಿಡಿದುಕೊಂಡು ಹೋಗು ಎಂದು ನಾನು ಹೇಳಿದೆ. ಬೇಡ ಅನ್ನಬೇಡ, ಇವರೆಲ್ಲ ಯಾಕೆ ಬರಬೇಕು ಅಂತ ಸುಮ್ನೆ ಕೇಳು ಎಂದೆ.

ಅಮ್ಮ ಟ್ರಂಕಿನಿಂದ ಒಂದು ಹಳೆಯ ನೋಟ್ ಪುಸ್ತಕ ತೆಗೆದರಂತೆ. ಅಕ್ಕನ ಮದುವೆಯ ಮುಯ್ಯಿ ಪುಸ್ತಕ. ಯಾರು ಎಷ್ಟು ಹಾಕಿದರು, ಯಾರು ಸೀರೆ ಕೊಟ್ಟರು, ಯಾರು ಒಂದು ಮೂಟೆ ಅಕ್ಕಿ ಕಳಿಸಿದರು, ಎಲ್ಲ ಅದರಲ್ಲಿ ಇತ್ತು. ಕೊನೆಯ ಪುಟಗಳಲ್ಲಿ ಇನ್ನೊಂದು ಲೆಕ್ಕ: ಅಪ್ಪ ತೀರಿಕೊಂಡ ವರ್ಷ ಯಾರ ಮನೆಯಿಂದ ರಾಗಿ ಬಂತು, ಯಾರು ಗದ್ದೆ ಉತ್ತುಕೊಟ್ಟರು ಅಂತ. ಅಮ್ಮ ಅದರ ಮೇಲೆ ಬೆರಳಿಟ್ಟು, ‘ಇವರನ್ನ ಊಟಕ್ಕೆ ಕರೀದೆ ಇರಕ್ಕಾಯ್ತದಾ? ನಿನ್ನ ಮದುವೇಲಿ ಕರೀದೆ ಇನ್ಯಾವಾಗ ಕರೀಲಿ?’ ಎಂದರು.

ಹುಡುಗನ ಕಣ್ಣು ತೆರೆದದ್ದು ಅಲ್ಲೇ. ಈ ಪಟ್ಟಿ ಬೆಳೆದದ್ದು ದೊಡ್ಡಸ್ತಿಕೆಯಿಂದ ಎಂದು ಅವನು ತಿಳಿದಿದ್ದ. ಬಹಳಷ್ಟು ಹೆಸರುಗಳು ಹಾಗಲ್ಲ, ತೀರಿಸಬೇಕಾದ ಋಣ. ಆದರೆ ಆ ಋಣ ಅವನ ಮನೆಯದು. ಅದನ್ನು ಮೇಷ್ಟ್ರು ಯಾಕೆ ತೀರಿಸಬೇಕು?

ಪ್ರಶ್ನೆ ಹೀಗೆ ಎದುರಿಗೆ ಬಂದಾಗ ಉತ್ತರ ಮನೆಯಲ್ಲೇ ಇತ್ತು, ಬೀಗರೂಟ. ಮಂಡ್ಯ, ಹಾಸನದ ಕಡೆ ಬೀಗರೂಟ ಎಂದರೆ ಗಂಡಿನ ಮನೆಯವರು ಹಾಕುವ ಬಾಡೂಟ. ಊರಿನ ಜನಕ್ಕೆ ಧಾರೆಯ ದಿನದ ಪಾಯಸಕ್ಕಿಂತ ಇದರ ಮೇಲೇ ಪ್ರೀತಿ ಜಾಸ್ತಿ. ಮನೆಮಟ್ಟಿಗೆ ಎಂದುಕೊಂಡಿದ್ದ ಬೀಗರೂಟವನ್ನೇ ದೊಡ್ಡದಾಗಿ ಮಾಡುವುದು, ಊರಿನವರನ್ನೆಲ್ಲ ಅಲ್ಲಿಗೆ ಕರೆಯುವುದು, ಖರ್ಚು ಪೂರ್ತಿ ಹುಡುಗನದ್ದು. ಧಾರೆಗೆ ಹತ್ತಿರದ ನೆಂಟರು, ಸ್ನೇಹಿತರು ಸೇರಿ 280 ಜನ. ಅಮ್ಮ ತಾವೇ ಪೆನ್ನು ಹಿಡಿದು ಪಟ್ಟಿಯನ್ನು ಎರಡು ಭಾಗ ಮಾಡಿದರು. ತಮ್ಮ ಹೆಸರು ಯಾರೂ ಅಳಿಸುತ್ತಿಲ್ಲ ಎಂದು ಗೊತ್ತಾದ ಮೇಲೆ ಊರಿನಲ್ಲಿ ಯಾರಿಗೂ ಬೇಸರವಾಗಲಿಲ್ಲ.

ಕಾರಿನ ಮಾತು

ಇದಕ್ಕೆ ಅಮ್ಮನನ್ನು ಮುಂದೆ ಮಾಡಬೇಡ ಎಂದು ಹುಡುಗನಿಗೆ ಹೇಳಿದ್ದೆ. ಗಂಡ ಇಲ್ಲದ ಹೆಂಗಸು, ಮೈದುನ ಭಾವಂದಿರ ಆಸರೆಯಲ್ಲಿ ಬದುಕಿದವರು. ಅವರು ಆ ಮಾತಾಡಿದರೆ ಅದರ ಬೆಲೆ ಅವರೇ ತೆರಬೇಕಾಗುತ್ತದೆ.

ಒಂದು ಭಾನುವಾರ ಬೆಳಗ್ಗೆ ಹುಡುಗ ದೊಡ್ಡಪ್ಪನ ಮನೆಗೆ ಹೋದ. ಮೊದಲು ವಾಟ್ಸಾಪ್ ವಿಷಯಕ್ಕೆ ಕ್ಷಮೆ ಕೇಳಿದ. ಆಮೇಲೆ ಜಗುಲಿಯಲ್ಲಿ ಕೂತು ಹೇಳಿದ. ಆ ಮಾತುಗಳನ್ನು ಅವನ ಭಾವ ನನಗೆ ಹೇಳಿದ್ದು ಹೀಗೆ:

‘ದೊಡ್ಡಪ್ಪ, ನನ್ನ ಓದಿಸಿದ್ದು ನೀವು. ನೀವು ಯಾರ ಹತ್ರನೂ ಕೈ ಚಾಚದೆ ಓದಿಸಿದ್ರಿ. ಈಗ ನನ್ನ ಹೆಸರಲ್ಲಿ ಒಬ್ಬರ ಹತ್ರ ಕಾರು ಕೇಳಬೇಡಿ. ಅವರು ಸೈಟು ಮಾರ್ತಾವ್ರೆ. ಆ ಕಾರು ಬಂದ್ರೂ ನಾನು ಹತ್ತಲ್ಲ.’

‘ನಾನೆಲ್ಲಿ ಕೇಳ್ದೆ? ಸುಮ್ನೆ ಒಂದು ಮಾತು ಅಂದೆ ಕಣ್ಲಾ.’

‘ಸುಮ್ನೆ ಅಂದ ಮಾತೇ ಅವರಿಗೆ ದೊಡ್ಡ ಮಾತು. ನೀವು ಅಂದ್ರೆ ಅವರು ಇಲ್ಲ ಅನ್ನಲ್ಲ.’

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸಿಟ್ಟು ಬಂತು. ಆಯ್ತು, ನಿಮ್ಮ ಮದುವೆ ನೀವೇ ಮಾಡ್ಕೊಳ್ಳಿ ಎಂದು ಎದ್ದು ತೋಟದ ಕಡೆ ಹೋದರು. ಹುಡುಗ ಹಿಂದೆಯೇ ಹೋದ. ಬೀಗರೂಟದ ವಿಷಯ ಹೇಳಿದ. ‘ಐನೂರು ಜನಕ್ಕೆ ಬಾಡೂಟ. ಮರಿ ಆರಿಸೋದ್ರಿಂದ ಹಿಡಿದು ಕೊನೇ ಪಂಕ್ತಿವರೆಗೂ ನೀವೇ ನಿಂತು ಮಾಡಿಸಬೇಕು. ದುಡ್ಡು ನಾನು ಕೊಡ್ತೀನಿ, ಯಜಮಾನಿಕೆ ನಿಮ್ದು’ ಎಂದ. ದೊಡ್ಡಪ್ಪ ಅವತ್ತು ಉತ್ತರ ಕೊಡಲಿಲ್ಲ. ಮೂರನೇ ದಿನ ಅಮ್ಮನಿಗೆ ಫೋನ್ ಮಾಡಿ ಮರಿಗೆ ಯಾವ ಸಂತೆಗೆ ಹೋಗಲಿ ಎಂದು ಕೇಳಿದರು.

ಹುಡುಗ ಜಗುಲಿಯಲ್ಲಿ ಕಾನೂನಿನ ಮಾತು ಎತ್ತಲಿಲ್ಲ. ಎತ್ತಬಹುದಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಜೈಲು, ಜೊತೆಗೆ ಕನಿಷ್ಠ 15,000 ರೂಪಾಯಿ ಅಥವಾ ವರದಕ್ಷಿಣೆಯ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದಂಡ. ಬರೀ ಕೇಳಿದರೂ ಅಪರಾಧ, ಸುತ್ತಿ ಬಳಸಿ ಕೇಳಿದರೂ ಅಪರಾಧ, ಹುಡುಗನ ಬದಲು ನೆಂಟರು ಕೇಳಿದರೂ ಅಪರಾಧ. ಪ್ರತಿ ವರನಿಗೂ ಇದು ಗೊತ್ತಿರಲೇಬೇಕು. ಆದರೆ ಬೆಳೆಸಿದವರ ಮುಂದೆ ಮೊದಲ ಮಾತೇ ಜೈಲಿನದ್ದಾದರೆ ಅಲ್ಲಿಗೆ ಮಾತುಕತೆ ಮುಗಿಯಿತು. ‘ನನಗೆ ಬೇಡ’ ಎಂದು ಹುಡುಗನೇ ಹೇಳಿದ್ದಕ್ಕೆ ಇದ್ದ ತೂಕ ಇಲ್ಲಿ ಸಾಕಾಯಿತು. ಅದಕ್ಕೂ ಬಗ್ಗದವರ ಎದುರು ಕಾಯ್ದೆಯ ಮಾತು ಎತ್ತಲು ಯಾವ ಸಂಕೋಚವೂ ಬೇಡ.

ಆ ಭಾನುವಾರ ಸಂಜೆಯೇ ಅವನು ಮೇಷ್ಟ್ರಿಗೆ ಫೋನ್ ಮಾಡಿದ. ‘ಮಾವ, ಕಾರಿನ ಮಾತು ಮುಗೀತು. ಸೈಟು ಮಾರಬೇಡಿ. ಇನ್ನು ನಮ್ಮ ಕಡೆಯಿಂದ ಯಾರೇ ಏನೇ ಕೇಳಿದ್ರೂ ಅವನನ್ನೇ ಕೇಳಿ ಅಂತ ನನ್ನ ನಂಬರ್ ಕೊಡಿ’ ಎಂದ. ಅಲ್ಲಿಯವರೆಗೂ ಅವನು ಅವರನ್ನು ಸರ್ ಎನ್ನುತ್ತಿದ್ದ. ಹುಡುಗಿ ಆ ರಾತ್ರಿ ಫೋನ್ ಎತ್ತಿದಳು. ಮದುವೆ ಉಳಿದದ್ದು ಆ ಭಾನುವಾರ ಎಂದೇ ನನ್ನ ನಂಬಿಕೆ.

ದುಡ್ಡು ಕೊಡಲು ಹೋದಾಗ

ಇನ್ನೊಂದು ತೊಡಕು ಬಂತು, ನಾವು ಯಾರೂ ಅಂದುಕೊಂಡಿರದ ಕಡೆಯಿಂದ. ಖರ್ಚಿನಲ್ಲಿ ಅರ್ಧ ನನ್ನದು ಎಂದು ಹುಡುಗ ಮೇಷ್ಟ್ರ ಖಾತೆಗೆ ಒಂದಷ್ಟು ಹಣ ಹಾಕಿದ. ಮೇಷ್ಟ್ರು ಮರುದಿನವೇ ವಾಪಸ್ ಹಾಕಿದರು. ನನ್ನ ಎದುರಿಗೇ ಅವರ ಗಂಟಲು ಕಟ್ಟಿತು. ‘ಮಗಳ ಮದುವೆಗೆ ಅಳಿಯನ ಹತ್ರ ದುಡ್ಡು ತಗೊಂಡೆ ಅಂತ ಊರಲ್ಲಿ ಹೇಗೆ ತಲೆ ಎತ್ತಲಿ?’ ಎಂದರು.

ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಅವರ ಸ್ವಾಭಿಮಾನಕ್ಕೆ ಚುಚ್ಚಿತು. ಇದಕ್ಕೆ ನಾವು ಕಂಡುಕೊಂಡ ದಾರಿ ಸುಲಭದ್ದು. ಹಣ ಕೊಡಬೇಡ, ಕೆಲಸ ವಹಿಸಿಕೋ. ಆರತಕ್ಷತೆಯ ವೇದಿಕೆ, ಫೋಟೋ ವಿಡಿಯೋ, ಗಂಡಿನ ಕಡೆಯ ಬಸ್ಸುಗಳು, ಈ ಮೂರನ್ನು ಹುಡುಗ ಪೂರ್ತಿ ತಾನೇ ವಹಿಸಿಕೊಂಡ. ಮಾತಾಡಿದ್ದೂ ಅವನೇ, ಅಡ್ವಾನ್ಸ್ ಕೊಟ್ಟದ್ದೂ ಅವನೇ, ಕೊನೆಯ ಬಿಲ್ಲೂ ಅವನದ್ದೇ. ಒಟ್ಟು 1,90,000. ಬೀಗರೂಟಕ್ಕೆ 2,70,000. ಎರಡೂ ಸೇರಿ 4,60,000. ಸಾಲ ಮಾಡಲಿಲ್ಲ. ಬಾಡಿಗೆ ಮನೆಯ ಅಡ್ವಾನ್ಸಿಗೂ ಮದುವೆಯ ನಂತರದ ಪ್ರವಾಸಕ್ಕೂ ಕೂಡಿಟ್ಟಿದ್ದರಲ್ಲಿ ತೆಗೆದ. ಪ್ರವಾಸ ಮುಂದಕ್ಕೆ ಹೋಯಿತು, ಹುಡುಗಿಯನ್ನು ಕೇಳಿಯೇ. ಮೇಷ್ಟ್ರಿಗೂ ಯಾವ ಮುಜುಗರವೂ ಆಗಲಿಲ್ಲ. ಗಂಡಿನ ಕಡೆಯವರು ಆರತಕ್ಷತೆ ತಾವೇ ಮಾಡ್ತಿದ್ದಾರೆ ಎಂದು ಅವರೇ ಊರಲ್ಲಿ ಹೇಳಿಕೊಂಡರು.

ಮದುವೆಯ ಎರಡು ದಿನ

ಮದುವೆಯ ವಾರ ವರ ಮಾಡಬೇಕಾದ ಕೆಲಸ ಬಹಳ ಅಂತ ಏನಿಲ್ಲ. ಆದರೆ ಇರುವುದನ್ನು ಬೇರೆಯವರ ಮೇಲೆ ಬಿಡುವಂತಿಲ್ಲ. ತಾಳಿ, ಧಾರೆ ಸೀರೆ, ಕಾಲುಂಗುರ ಮೂರನ್ನೂ ಒಂದೇ ಚೀಲದಲ್ಲಿಟ್ಟು ಅಕ್ಕನ ಕೈಗೆ ಕೊಟ್ಟ. ಅದು ಬಸ್ಸಿನ ಲಗೇಜಿಗೆ ಹೋಗಲಿಲ್ಲ, ಅಕ್ಕನ ಮಡಿಲಿನಿಂದ ಇಳಿಯಲಿಲ್ಲ. ರಾತ್ರಿ ಛತ್ರದ ರೂಮಿನಲ್ಲಿ ಕುಡಿತ ಇಲ್ಲ ಎಂದು ಸ್ನೇಹಿತರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ. ಗ್ರೂಪ್ ಮೆಸೇಜಿನ ಸಹವಾಸ ಬಿಟ್ಟಿದ್ದ.

ಪುರೋಹಿತರನ್ನು ಮುಂಚೆಯೇ ಹೋಗಿ ಕಂಡದ್ದು ನನಗೆ ತುಂಬ ಹಿಡಿಸಿತು. ತಾನು ಹೇಳಬೇಕಾದ ಮಾತಿನ ಅರ್ಥ ಕೇಳಿದ. ಧಾರೆಯ ಹೊತ್ತಿನಲ್ಲಿ ವರ ‘ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಾಮಿ’ ಎನ್ನುತ್ತಾನೆ. ಈ ಯಾವುದರಲ್ಲೂ ಇವಳನ್ನು ಮೀರಿ ನಡೆಯುವುದಿಲ್ಲ ಎಂದು. ಹೆಚ್ಚಿನ ಮದುವೆಗಳಲ್ಲಿ ಓಲಗದ ಸದ್ದು, ಫೋಟೋದ ಗಡಿಬಿಡಿಯಲ್ಲಿ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಸಪ್ತಪದಿಯನ್ನೂ ಊಟಕ್ಕೆ ಹೊತ್ತಾಯಿತು ಎಂದು ಓಡಿಸಿಬಿಡುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಪ್ತಪದಿ ಇರುವ ಮದುವೆ ಪೂರ್ತಿಯಾಗುವುದು ಏಳನೇ ಹೆಜ್ಜೆ ಇಟ್ಟಾಗ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ತೀರ್ಪಿನಲ್ಲಿ ಇದನ್ನೇ ಒತ್ತಿ ಹೇಳಿತು. ಹಿಂದೂ ಮದುವೆ ಅಂದರೆ ಹಾಡು ಕುಣಿತ, ತಿನ್ನುವುದು ಕುಡಿಯುವುದು ಅಲ್ಲ, ಒತ್ತಡ ಹಾಕಿ ವರದಕ್ಷಿಣೆ ಉಡುಗೊರೆ ಪಡೆಯುವ ಸಂದರ್ಭವೂ ಅಲ್ಲ, ಶಾಸ್ತ್ರ ನಡೆಯದೆ ಬರೀ ನೋಂದಣಿ ಪತ್ರದಿಂದ ಅದು ಆಗುವುದೂ ಇಲ್ಲ ಎಂದು. ಈ ಹುಡುಗ ಸಪ್ತಪದಿಗೆ ಬಿಡುವಾಗಿ ಸಮಯ ಕೊಡಿ ಎಂದು ಪುರೋಹಿತರನ್ನು ಕೇಳಿಕೊಂಡಿದ್ದ. ತಾಳಿ ಕಟ್ಟುವಾಗ ‘ಇನ್ನೊಂದ್ಸಲ ಕೈ ಹಾಗೇ ಹಿಡೀರಿ’ ಅನ್ನಬಾರದು ಎಂದು ಫೋಟೋಗ್ರಾಫರಿಗೂ ಮೊದಲೇ ಹೇಳಿದ್ದ.

ಪರೀಕ್ಷೆ ಬಂದದ್ದು ಹಿಂದಿನ ಸಂಜೆ. ಐದೂವರೆಗೆ ಬರಬೇಕಾದ ಬಸ್ಸು ಬಂದದ್ದು ಏಳೂವರೆಗೆ. ಎದುರುಗೊಳ್ಳಲು ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ಅಷ್ಟು ಹೊತ್ತು ಕಾದು ಸುಸ್ತಾಗಿ ಆಗಷ್ಟೇ ಒಳಗೆ ಹೋಗಿದ್ದರು. ಬಾಗಿಲಲ್ಲಿ ಯಾರೂ ಇಲ್ಲ ಎಂದು ದೊಡ್ಡಪ್ಪ ಬಸ್ಸಿನಿಂದ ಇಳಿಯಲಿಲ್ಲ. ಅವರ ಜೊತೆ ಇನ್ನೂ ಎಂಟು ಹತ್ತು ಜನ ಕೂತೇ ಇದ್ದರು. ಮೇಷ್ಟ್ರು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದು ಕೈ ಮುಗಿಯುತ್ತಿದ್ದರು.

ಇಂಥದ್ದನ್ನು ನೋಡಿಕೊಳ್ಳಲು ಹುಡುಗ ಭಾವನನ್ನು ನೇಮಿಸಿದ್ದ. ಗಂಡಿನ ಕಡೆಯ ಯಾವ ದೂರೂ ನೇರವಾಗಿ ಮೇಷ್ಟ್ರಿಗೆ ಹೋಗಬಾರದು, ಎಲ್ಲ ಭಾವನ ಹತ್ತಿರ ಬರಬೇಕು ಎಂದು ಎಲ್ಲರಿಗೂ ಹೇಳಿಯೂ ಇತ್ತು. ರೂಮು, ಬಿಸಿನೀರು, ಕಾಫಿಯಂಥ ಚಿಕ್ಕಪುಟ್ಟ ಮುನಿಸುಗಳನ್ನೆಲ್ಲ ಭಾವ ನೋಡಿಕೊಂಡರು. ಆದರೆ ದೊಡ್ಡಪ್ಪ ಅವರ ಕೈಗೆ ಮೀರಿದವರು.

ಹುಡುಗ ಪೇಟ ಪಕ್ಕದವರ ಕೈಗೆ ಕೊಟ್ಟು ಬಸ್ ಹತ್ತಿದ. ಮೇಷ್ಟ್ರನ್ನು ಒಳಗೆ ಕಳಿಸಿದ. ದೊಡ್ಡಪ್ಪನ ಪಕ್ಕದ ಸೀಟಿನಲ್ಲಿ ಕೂತ. ‘ತಡ ಮಾಡಿದ್ದು ನಮ್ಮ ಬಸ್ಸು ದೊಡ್ಡಪ್ಪ. ಅವರು ಎರಡು ಗಂಟೆ ನಿಂತಿದ್ರು. ಅಪ್ಪ ಇದ್ದಿದ್ರೆ ನನ್ನ ಕೈ ಹಿಡ್ಕೊಂಡು ಒಳಗೆ ಹೋಗ್ತಿದ್ರು. ನೀವು ಇಳಿದ್ರೆ ನಾನು ಒಳಗೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ’ ಎಂದ. ಗದರಲಿಲ್ಲ, ಹೆಣ್ಣಿನ ಕಡೆಯವರನ್ನು ದೂರಲೂ ಇಲ್ಲ. ದೊಡ್ಡಪ್ಪ ಎದ್ದರು. ಇಬ್ಬರೂ ಒಟ್ಟಿಗೆ ಇಳಿದರು, ಆರತಿ ಆಯಿತು.

ಆರತಕ್ಷತೆಯಲ್ಲಿ ಅವನು ಮಾಡಿದ ಒಂದು ಚಿಕ್ಕ ಕೆಲಸವನ್ನು ಹುಡುಗಿಯ ಅಮ್ಮ ಈಗಲೂ ಹೇಳುತ್ತಾರೆ. ಒಂಬತ್ತೂವರೆ ಹೊತ್ತಿಗೆ ಸಾಲು ಇನ್ನೂ ಉದ್ದ ಇತ್ತು. ಹುಡುಗಿ ಮಧ್ಯಾಹ್ನದಿಂದ ಊಟ ಮಾಡಿರಲಿಲ್ಲ. ಅವನು ಮೈಕ್ ಹಿಡಿದು ಹತ್ತು ನಿಮಿಷ ಬಿಡುವು ಕೇಳಿ, ಅವಳನ್ನು ಕರೆದುಕೊಂಡು ಹೋಗಿ ಊಟಕ್ಕೆ ಕೂತ.

ಉಡುಗೊರೆಗಳ ಲೆಕ್ಕವನ್ನೂ ಅವನು ಬಿಡಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ ಬಂದ 1985ರ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದದ್ದರ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ಏನು ಉಡುಗೊರೆ, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಮುಯ್ಯಿ ಬರೆಯುವ ಮೇಜಿನ ಮೇಲೆ ಎರಡು ಪುಸ್ತಕ ಇಡಿಸಿ, ಹುಡುಗಿಯ ತಮ್ಮನನ್ನೂ ತನ್ನ ಕಡೆಯ ಒಬ್ಬನನ್ನೂ ಕೂರಿಸಿದ್ದ. ಈ ಪಟ್ಟಿ ಇಟ್ಟ ವರ ನನಗೆ ಸಿಗುವುದು ಅಪರೂಪ. ಎಲ್ಲರೂ ಇಡಬೇಕು.

ಏನಾಯಿತು, ಏನು ಆಗಲಿಲ್ಲ

ಸೈಟು ಮೇಷ್ಟ್ರ ಹೆಸರಿನಲ್ಲೇ ಇದೆ. ಬೀಗರೂಟಕ್ಕೆ ಐನೂರು ಎಂದುಕೊಂಡದ್ದು ಐನೂರ ಐವತ್ತು ದಾಟಿತು. ದೊಡ್ಡಪ್ಪ ಕೊನೆಯ ಪಂಕ್ತಿ ಏಳುವವರೆಗೂ ಊಟ ಮಾಡದೆ ನಿಂತಿದ್ದರು. ಆಮೇಲೆ ಗಂಡ ಹೆಂಡತಿ ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿ 2.0ರಲ್ಲಿ ಅರ್ಜಿ ಹಾಕಿ ಮದುವೆ ನೋಂದಣಿಯನ್ನೂ ಮುಗಿಸಿಕೊಂಡರು.

ಎಲ್ಲವೂ ಸರಿಹೋಯಿತು ಎನ್ನಲಾರೆ. ದೊಡ್ಡಮ್ಮ ಇನ್ನೂ ಹುಡುಗಿಯ ಜೊತೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ವಾಟ್ಸಾಪ್ ಮೆಸೇಜು ಅವಳೇ ಬರೆಸಿದ್ದು ಎಂಬ ಅನುಮಾನ ಹೋಗಿಲ್ಲ. ಹುಡುಗಿಯೂ ಒಂದು ಮಾತು ಹೇಳಿದಳು: ‘ಅವರು ಆಮೇಲೆ ಎಲ್ಲಾ ಮಾಡಿದ್ರು, ಇಲ್ಲ ಅನ್ನಲ್ಲ. ಆದ್ರೆ ನಾನು ತಲೆ ಹಾಕಲ್ಲ ಅಂದಿದ್ದು ಮಾತ್ರ ಕಿವೀಲಿ ಹಾಗೇ ಇದೆ.’ ಮಾತುಕತೆಯ ದಿನ ಅವನು ಐದು ನಿಮಿಷ ಬಾಯಿ ಬಿಟ್ಟಿದ್ದರೆ ಇವೆರಡೂ ಆಗುತ್ತಿರಲಿಲ್ಲ.

ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ಎರಡು ತಿರುವುಗಳಿಗಾಗಿ. ಮನೆಯವರ ಆಸೆಯ ಹಿಂದೆ ಏನಿದೆ ಎಂದು ಕೇಳಿದಾಗ ಬೇರೆಯದೇ ಉತ್ತರ ಸಿಕ್ಕಿತು, ಆ ಉತ್ತರದಲ್ಲೇ ದಾರಿಯೂ ಇತ್ತು. ಇನ್ನೊಂದು, ಬೇಡ ಅನ್ನುವ ಮಾತನ್ನು ಅವನು ತನ್ನ ಮನೆಯೊಳಗೆ ತಾನೇ ಹೇಳಿದ. ಹೆಣ್ಣಿನ ಕಡೆಯವರ ಬಾಯಿಂದ ಹೇಳಿಸಲು ಹೋದಾಗ ಅದೇ ಮಾತು ಸೋತಿತ್ತು. ದೊಡ್ಡಪ್ಪನಿಗೆ ಬೀಗರೂಟದ ಯಜಮಾನಿಕೆ ಕೊಟ್ಟದ್ದನ್ನು ಕೆಲವರು ಲಂಚ ಎಂದರು. ನಾನು ಹಾಗೆ ನೋಡುವುದಿಲ್ಲ. ಓದಿಸಿ ಬೆಳೆಸಿದವರಿಗೆ ಈ ಮದುವೆಯಲ್ಲಿ ಒಂದು ನಿಜವಾದ ಜಾಗ ಬೇಕಿತ್ತು. ಅದು ಸಿಗದಿದ್ದಾಗ ಕಾರು, ಜನ, ಎದುರುಗೊಳ್ಳುವ ಮರ್ಯಾದೆ ಎಂದು ಹುಡುಕಿದರು.

ಈಗ ಯಾವ ಮದುವೆ ಒಪ್ಪಿಕೊಂಡರೂ ಮೊದಲ ಭೇಟಿಗೆ ಹುಡುಗನೂ ಬರಬೇಕು ಎನ್ನುತ್ತೇನೆ. ಒಂದು ಹಾಳೆ ಕೊಟ್ಟು ಅವನ ಕೈಯಲ್ಲೇ ಬರೆಸುತ್ತೇನೆ. ನಿಮ್ಮ ಕಡೆಯಿಂದ ಎಷ್ಟು ಜನ, ಯಾವ ಖರ್ಚು ಯಾರದ್ದು, ಪಟ್ಟಿ ಬೆಳೆದರೆ ಹೆಚ್ಚಿನ ಎಲೆಯ ದುಡ್ಡು ಯಾರು ಕೊಡುತ್ತಾರೆ, ನಿಮ್ಮ ಕಡೆಯ ದೂರು ಯಾರ ಹತ್ತಿರ ಹೋಗಬೇಕು, ನಿಮ್ಮ ಮನೆಯ ಹಿರಿಯರಿಗೆ ಯಾವ ಕೆಲಸ ವಹಿಸಿದ್ದೀರಿ. ಅದನ್ನು ಎರಡೂ ಮನೆಯವರ ಎದುರು ಅವನೇ ಓದಿ ಹೇಳಬೇಕು. ಅದಾದ ಮೇಲೇ ಛತ್ರಕ್ಕೆ ಅಡ್ವಾನ್ಸ್ ಕಟ್ಟಿಸುತ್ತೇನೆ.